ಹಿಂದಣ ದೀಪ

ಮೂವತ್ತನಾಲ್ಕು ವರ್ಷ ಮಕ್ಕಳಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ವಿಶ್ರಾಂತಿ ವೇತನಕ್ಕೆ ಸಂದ ನಮ್ಮಂಥವರು ಮೋಟಾರು ಗಾಡಿಯ ತಂತಿಗಳ ವಿಷಯವಾಗಿ ಲೇಖನಿ ಹಿಡಿಯುವುದು ವಾಚಕ ಮಹಾಶಯರಿಗೆ ಸೋಜಿಗವಾಗಿ ತೋರಬಹುದು. ನಮಗೂ ಹಾಗೆಯೇ ತೋರುತ್ತಿದೆ. ಮನೆಯ ದೀಪ ಕೆಟ್ಟರೆ ಬುರುಡೆಯನ್ನು ತಿರುಗಿಸಿ ಬೇರೊಂದನ್ನು ಸಿಕ್ಕಿಸುವುದಕ್ಕೂ ಪಕ್ಕದ ಮನೆಯ ಹುಡುಗನನ್ನು ಕೂಗಿ ಕರೆಯುತ್ತಿದ್ದವರು ನಾವು. ಕೈಕೆಲಸವೆಂಬುದು ಓದು ಹತ್ತದವರ ಪಾಡೆಂಬ ಒಂದು ಭಾವನೆ ನಮ್ಮಲ್ಲಿ ಬೇರೂರಿದ್ದಿತು. ಅದನ್ನು ನಾವು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಮನೆಯ ಮಕ್ಕಳಿಗೆ ಬಾಯಿಬಿಟ್ಟು ಹೇಳದ ಮಾತೇ ಮೊದಲು ತಿಳಿಯುತ್ತದೆ. ಆ ಭಾವನೆ ಯಾವಾಗ ಕಿತ್ತುಹೋಯಿತೆಂದು ಕೇಳಿದರೆ ದಿನವನ್ನೇ ಹೇಳಬಲ್ಲೆವು.

2024ನೆಯ ಇಸವಿಯ ಮೇ ತಿಂಗಳಲ್ಲಿ ನಾವು ನಿವೃತ್ತರಾದೆವು. ಜುಲೈ ತಿಂಗಳಲ್ಲಿ ನಮ್ಮ ಗೃಹಿಣಿಯೊಡನೆ ಅಮೆರಿಕೆಯ ಮಿಷಿಗನ್ ರಾಜ್ಯದ ನೋವೈ ಎಂಬ ಊರಿಗೆ, ಮಗನ ಮನೆಗೆ, ಹೋದೆವು. ನೋವೈ ಡೆಟ್ರಾಯಿಟ್ ನಗರದ ವಾಯವ್ಯಕ್ಕಿರುವ ಊರು. ಅಲ್ಲಿಯೂ ಸುತ್ತಮುತ್ತಲೂ ಕನ್ನಡದ ಮನೆಗಳು ಬೇಕಾದಷ್ಟುಂಟು. ಮಗನು ಅಲ್ಲಿ ಯಂತ್ರಶಿಲ್ಪಿಯಾಗಿ ಕೆಲಸದಲ್ಲಿದ್ದಾನೆ. ಅವನ ಬಳಿ ಸೊಸೆ ಓಡಿಸುವ ಕಾರಲ್ಲದೆ ಹಳೆಯದೊಂದು ಪಿಕಪ್ ಟ್ರಕ್ಕು ಉಂಟು. ಮುಂದಕ್ಕೆ ಕಾರಿನಂತೆ ಕುಳಿತುಕೊಳ್ಳುವ ಜಾಗ, ಹಿಂದಕ್ಕೆ ತೆರೆದ ತೊಟ್ಟಿ. ಆ ತೊಟ್ಟಿಯ ಹಿಂಬದಿಗೆ ಕೆಳಕ್ಕೆ ಮಡಚುವ ಒಂದು ಬಾಗಿಲು. ಅದರ ಬೆನ್ನಿಗೆ ಕಟ್ಟಿಕೊಂಡು ಹೋಗುವುದಕ್ಕೆ ಎರಡು ಅಚ್ಚುಗಳ, ನಾಲ್ಕು ಗಾಲಿಗಳ ಟ್ರೈಲರೂ ಒಂದು ಇದೆ. ಪರಿಚಿತರು ಮನೆ ಬದಲಾಯಿಸಿದರೆ, ಕನ್ನಡಿಗರ ಹಬ್ಬಕ್ಕೆ ಹಂಡೆ ಕೊಳಗಗಳು ಬರಬೇಕಾದರೆ, ಈ ಗಾಡಿಯೇ ಹೊರಡಬೇಕು. ನಮ್ಮೂರಿನಲ್ಲಿ ನಮ್ಮ ಅಜ್ಜನವರ ಕಮಾನು ಗಾಡಿಗೆ ಯಾವ ಮರ್ಯಾದೆಯಿದ್ದಿತೋ ಅದೇ ಮರ್ಯಾದೆ ಆ ಸಾಗರದಾಚೆಯಲ್ಲಿ ಮಗನ ಗಾಡಿಗೆ ಇರುವುದನ್ನು ಕಂಡು ನಮಗೆ ಹಿಗ್ಗಾಯಿತು.

ಟ್ರೈಲರನ್ನು ಗಾಡಿಗೆ ಕಟ್ಟುವ ಕ್ರಮ ಸರಳವಾದುದು. ಗಾಡಿಯ ಹಿಂದೆ ಉಕ್ಕಿನ ಒಂದು ಗುಂಡು. ಟ್ರೈಲರಿನ ಮೂಕಿಯ ತುದಿಯಲ್ಲಿ ಆ ಗುಂಡಿನ ಮೇಲೆ ಕುಳಿತುಕೊಳ್ಳುವ ಬಟ್ಟಲು. ಬಟ್ಟಲು ಕಳಚಿಕೊಂಡರೂ ಟ್ರೈಲರು ಓಡಿಹೋಗದಂತೆ ಅಡ್ಡಡ್ಡಲಾಗಿ ಹಾಕುವ ಎರಡು ಸರಪಣಿಗಳು. ಕಡೆಯದಾಗಿ ಒಂದು ದಪ್ಪ ತಂತಿಯ ಬಳ್ಳಿ, ಅದರ ತುದಿಗೆ ಪ್ಲಗ್ಗು. ಈ ಪ್ಲಗ್ಗನ್ನು ಗಾಡಿಯ ಹಿಂಬದಿಯ ಸಾಕೆಟ್ಟಿಗೆ ಚುಚ್ಚಿದರೆ ಗಾಡಿಯಲ್ಲಿ ಹತ್ತಿದ ದೀಪ ಟ್ರೈಲರಿನಲ್ಲಿಯೂ ಹತ್ತುತ್ತದೆ. ಗುಂಡು ಸರಪಣಿಗಳನ್ನು ಎಲ್ಲರೂ ಎರಡೆರಡು ಸಾರಿ ನೋಡುತ್ತಾರೆ. ಪ್ಲಗ್ಗನ್ನು ಚುಚ್ಚಿ ಮರೆಯುತ್ತಾರೆ. ನಮ್ಮ ಕಥೆಯೆಲ್ಲ ಈ ಮರೆಯತಕ್ಕ ವಸ್ತುವಿನದು.

ಆಗಸ್ಟ್ 31, ಶನಿವಾರ. ಆ್ಯನ್ ಆರ್ಬರ್ ಎಂಬ ಊರಿನಿಂದ ನೋವೈಗೆ ಮನೆ ಬದಲಾಯಿಸುತ್ತಿದ್ದ ತರುಣ ದಂಪತಿಗಳ ಸಾಮಾನನ್ನು ತರಲು ಮಗನು ಹೊರಟನು. ನಾವು ಅವನ ಪಕ್ಕದಲ್ಲಿ. ಸೊಸೆ, ನಮ್ಮ ಗೃಹಿಣಿ, ಏಳು ವರ್ಷದ ಮೊಮ್ಮಗ, ಮೂವರೂ ಕಾರಿನಲ್ಲಿ. ಬೆಳಗ್ಗೆ ಹೊರಡುವ ಮುಂಚೆ ಮಗನು ಟ್ರೈಲರಿನ ದೀಪಗಳನ್ನು ಹೊತ್ತಿಸಿ ನೋಡಿದ್ದನು; ಎಲ್ಲವೂ ಉರಿದಿದ್ದವು. ಸಾಮಾನು ಏರಿಸಿ, ಮಂಚದ ಹಲಗೆಗಳನ್ನೂ ಬೀರುವನ್ನೂ ಎತ್ತರಕ್ಕೆ ಒಟ್ಟಿ, ಕಪ್ಪು ತಾಡಪಾಲು ಹೊದಿಸಿ ಬಿಗಿಯುವ ಹೊತ್ತಿಗೆ ರಾತ್ರಿ ಒಂಬತ್ತು ಹೊಡೆಯಿತು. ಎರಡು ಗಾಡಿಗಳೂ ಎಂ-14 ಎಂಬ ಹೆದ್ದಾರಿಗೆ ಬಂದೆವು. ಸೊಸೆಯ ಕಾರು ಯಾವುದೋ ಕೆಂಪು ದೀಪದಲ್ಲಿ ನಿಂತು ಹಿಂದೆ ಬಿದ್ದಿತ್ತು.

ಆ ನಾಡಿನ ಹೆದ್ದಾರಿಗಳಲ್ಲಿ ಕಾರುಗಳು ಸಾಮಾನ್ಯವಾಗಿ ಗಂಟೆಗೆ 70 ಮೈಲಿಯಂತೆ ಹೋಗಬಹುದು. ಲೆಕ್ಕ ಹಾಕಿದರೆ ಸೆಕೆಂಡೊಂದಕ್ಕೆ ನೂರಕ್ಕೂ ಮಿಕ್ಕ ಅಡಿಗಳಾಯಿತು. ತಗ್ಗಿಸಿದ ಮುಂದೀಪದ ಬೆಳಕಾದರೋ ಕೆಲವು ನೂರು ಅಡಿಗಳಾಚೆಗೆ ಕೆಲಸಕ್ಕೆ ಬಾರದು. ಎಂದರೆ, ಎದುರಿಗೆ ದೀಪವಿಲ್ಲದ ವಸ್ತುವಿದ್ದರೆ ಅದನ್ನು ಕಂಡು, ಏನೆಂದು ತಿಳಿದು, ಕಾಲೊತ್ತಿ ನಿಲ್ಲಿಸಲು ಇರುವ ಅವಕಾಶ ಎರಡು ಮೂರು ಸಲ ಕಣ್ಣು ಮಿಟುಕಿಸುವಷ್ಟು ಮಾತ್ರ. ಭಾರ ಹೆಚ್ಚಿದ್ದುದರಿಂದ ಮಗನು ಒಂದು ಏರಿನಲ್ಲಿ ನಿಧಾನವಾಗಿ ಹೋಗುತ್ತಿದ್ದನು. ಹಿಂದಿನಿಂದ ಟೈರು ಕಿರುಚಿದ ಸದ್ದು ಕೇಳಿಸಿತು. ಎರಡು ಮುಂದೀಪಗಳು ನಮ್ಮ ಬೆನ್ನ ಹಿಂದಿನಿಂದ ಸರಕ್ಕನೆ ಪಕ್ಕದ ದಾರಿಗೆ ಹೊರಳಿದವು. ನಮ್ಮ ಸೊಸೆಯ ಕಾರು! ಅವಳು ಟ್ರೈಲರನ್ನು ಕಂಡದ್ದು ಇನ್ನೇನು ಅದಕ್ಕೆ ತಾಗುವೆನೆಂಬಾಗ. ಟ್ರೈಲರಿನ ಹಿಂದಣ ಕೆಂಪು ದೀಪಗಳು ಆರಿದ್ದವು. ಗಾಡಿಯ ಸ್ವಂತ ದೀಪಗಳನ್ನು ಎತ್ತರವಾಗಿ ಒಟ್ಟಿದ ಸಾಮಾನು ಮರೆಮಾಡಿತ್ತು. ಬೆಳಕನ್ನು ಹಿಂದಿರುಗಿಸತಕ್ಕ ಕೆಂಪು ಬಿಲ್ಲೆಗಳ ಮೇಲೆ ತಾಡಪಾಲು ಇಳಿಬಿದ್ದಿತ್ತು. ಪಕ್ಕದ ದಾರಿಯಲ್ಲಿ ಆ ಕ್ಷಣ ಬೇರೊಂದು ಗಾಡಿ ಇರಲಿಲ್ಲವೆಂಬುದು ಯಾರ ಪುಣ್ಯವೋ ನಾವರಿಯೆವು.

ರಸ್ತೆಯ ಅಂಚಿಗೆ ನಿಲ್ಲಿಸಿದೆವು. ಯಾರೂ ಮಾತನಾಡಲಿಲ್ಲ. ಮೊಮ್ಮಗನೊಬ್ಬನೇ, “ಅಮ್ಮ, ಯಾಕೆ ಹಾಗೆ ತಿರುಗಿಸಿದೆ?” ಎಂದು ಕೇಳುತ್ತಿದ್ದನು. ಆ ಮೇಲೆ ಸೊಸೆಯ ಕಾರು ಮಿಣುಕು ದೀಪಗಳನ್ನು ಹಾಕಿಕೊಂಡು ಟ್ರೈಲರಿಗೆ ಒತ್ತಾಗಿ ಹಿಂದೆ ಬರುವಂತೆ ಏರ್ಪಡಿಸಿ, ಮುಂದಿನ ತಿರುವಿನಲ್ಲಿಯೇ ಹೆದ್ದಾರಿಯನ್ನು ಬಿಟ್ಟು, ಒಳದಾರಿಗಳಲ್ಲಿ ಮೆಲ್ಲಗೆ ನಡೆದು ಮನೆ ಸೇರಿದೆವು. ಮಗನು, “ಬೆಳಗ್ಗೆ ನೋಡಿದ್ದೆ ಅಣ್ಣ, ಉರಿಯುತ್ತಿತ್ತು,” ಎಂದು ಎರಡು ಸಲ ಹೇಳಿದನು. ನಾವು ಏನನ್ನೂ ಹೇಳಲಾರದೆ ಹೋದೆವು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಮ್ಮ ಮನಸ್ಸು ಮದ್ದೂರಿನ ಸೀಮೆಗೆ ಹೋಯಿತು. ನಮ್ಮ ಬಳಿ ಸಂಸ್ಕೃತ ಓದಿದ ಒಬ್ಬ ಹುಡುಗನಿದ್ದನು. ರೈತನ ಮಗ. ಅನ್ವಯ ಹೇಳುವುದರಲ್ಲಿ ಅವನ ಸಮಾನರನ್ನು ನಾವು ಮತ್ತೆ ಕಾಣಲಿಲ್ಲ. 2011ನೆಯ ಇಸವಿಯ ಡಿಸೆಂಬರ್ ತಿಂಗಳು, ಕಬ್ಬು ಅರೆಯುವ ಕಾಲ. ಕಾಲೇಜಿನಿಂದ ಮೋಟಾರು ಸೈಕಲ್ಲಿನಲ್ಲಿ ಮನೆಗೆ ಬರುತ್ತ, ಕತ್ತಲಲ್ಲಿ ಕೆಟ್ಟು ನಿಂತಿದ್ದ ಕಬ್ಬಿನ ಟ್ರೈಲರಿಗೆ ಹಿಂದಿನಿಂದ ಹೊಡೆದನು. ಅದಕ್ಕೆ ದೀಪವಿರಲಿಲ್ಲ, ಕೆಂಪು ಬಿಲ್ಲೆಯೂ ಇರಲಿಲ್ಲ. ಅವನ ತಂದೆ ನಮ್ಮನ್ನು ಕಂಡು, “ಒಂದು ಲಾಟೀನಾದರೂ ಇಟ್ಟಿದ್ದರೆ ಮೇಷ್ಟ್ರೆ,” ಎಂದನು. ನಾವು ಅವನಿಗೆ ಪ್ರಾರಬ್ಧದ ವಿಷಯವಾಗಿ ನಾಲ್ಕು ಮಾತು ಹೇಳಿ ಬಂದೆವು. ಅವನು ಹೇಳಿದುದು ಸರಿ, ನಾವು ಹೇಳಿದುದು ತಪ್ಪು ಎಂಬುದು ಹದಿಮೂರು ವರ್ಷಗಳ ಮೇಲೆ, ಸಾವಿರಾರು ಮೈಲಿಗಳ ಪಯಣ ಮಾಡಿ ಬಂದ ಮೇಲೆ, ನಮಗೆ ಗೊತ್ತಾಯಿತು.

ಮಾರನೆಯ ದಿನ ಭಾನುವಾರ. ಸೋಮವಾರವೂ ಆ ದೇಶದಲ್ಲಿ ರಜ. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರವನ್ನು ಅವರು ಕಾರ್ಮಿಕರ ದಿನವೆಂದು ಆಚರಿಸುತ್ತಾರೆ. ಮುಂದಿನ ಶನಿವಾರ, 7ನೆಯ ತಾರೀಖು, ಗಣೇಶನ ಚೌತಿ. ಹಬ್ಬದ ಹಂಡೆಗಳನ್ನು ತರುವ ಭಾರ ಇದೇ ಗಾಡಿಯದು. ಮಗನು ಬೆಳಗಾಗುತ್ತಲೇ ಉಡುಪು ಬದಲಾಯಿಸಿ ಗಾಡಿಯ ಹಿಂದೆ ಮಲಗಿದನು. ನಾವು ಒಂದು ಮೋಡ ಹಾಕಿಕೊಂಡು ಪಕ್ಕದಲ್ಲಿ ಕುಳಿತೆವು.

ಮೊದಲು ಅವನು ಫ್ಯೂಸುಗಳನ್ನು ತೆಗೆದು ನೋಡಿದನು, ಕೆಟ್ಟಿರಲಿಲ್ಲ. ಬುರುಡೆಗಳನ್ನು ನೋಡಿದನು, ಅವೂ ಕೆಟ್ಟಿರಲಿಲ್ಲ. ಪ್ಲಗ್ಗು ಚುಚ್ಚಿ ದೀಪ ಹಾಕಿದರೆ ಟ್ರೈಲರಿನ ಕೆಂಪು ದೀಪಗಳು ಸಾಯುವ ಹಣತೆಯಂತೆ ಮಂಕಾಗಿ ಉರಿದವು. ಎಡಕ್ಕೆ ತಿರುಗುವ ಸನ್ನೆ ಹಾಕಿದರೆ ಎಡದ ದೀಪದೊಡನೆ ಬಲದ್ದೂ ಮಿಣುಕಿತು. ಬ್ರೇಕು ಒತ್ತಿದರೆ ಹೆಚ್ಚಾಗಿ ಉರಿಯುವುದಕ್ಕೆ ಬದಲು ಇದ್ದ ದೀಪವೂ ಆರಿತು. ಟ್ರೈಲರಿನ ಮೂಕಿಯನ್ನು ಅಲ್ಲಾಡಿಸಿದರೆ ಒಂದು ಕ್ಷಣ ಎಲ್ಲವೂ ಜಗ್ಗನೆ ಹತ್ತಿ ಮತ್ತೆ ಮಂಕಾದವು.

ಆ ಸಾಕೆಟ್ಟಿನಲ್ಲಿ ಏಳು ಬಾಯಿಗಳು. ಆ ದೇಶದ ವಾಡಿಕೆಯಲ್ಲಿ ಕಂದು ತಂತಿ ಹಿಂದಣ ಸಣ್ಣ ಕೆಂಪು ದೀಪಗಳಿಗೆ. ಹಳದಿ ಎಡಗಡೆಯ ತಿರುವಿಗೂ ಬ್ರೇಕಿನ ದೀಪಕ್ಕೂ. ಹಸಿರು ಬಲಗಡೆಯ ಅವೆರಡಕ್ಕೂ. ನೀಲಿ ಟ್ರೈಲರಿನ ವಿದ್ಯುತ್ ಬ್ರೇಕುಗಳಿಗೆ. ಕಪ್ಪು ಗಾಡಿಯ ಬ್ಯಾಟರಿಯಿಂದ ಸದಾ ಬರುವ ಶಕ್ತಿಗೆ. ನಡುವಿನದು ಹಿಂದಕ್ಕೆ ಸರಿಯುವಾಗಿನ ದೀಪಕ್ಕೆ. ಏಳನೆಯದು ಬಿಳಿಯ ತಂತಿ. ಅದು ಯಾವ ದೀಪಕ್ಕೂ ಸೇರಿದುದಲ್ಲ. ಎಲ್ಲ ದೀಪಗಳಿಗೂ ಸೇರಿದುದು. ಉಳಿದ ತಂತಿಗಳಲ್ಲಿ ಹೋದ ವಿದ್ಯುತ್ತು ಹಿಂದಿರುಗಿ ಬರುವ ದಾರಿ ಅದೇ. ಮೋಟಾರು ಗಾಡಿಯಲ್ಲಿ ಬ್ಯಾಟರಿಯ ಒಂದು ತುದಿಯನ್ನು ಗಾಡಿಯ ಕಬ್ಬಿಣದ ಮೈಗೆ ಕಟ್ಟಿರುತ್ತಾರೆ; ಆ ಕಬ್ಬಿಣವೇ ಹಿಂದಿರುಗುವ ತಂತಿಯ ಕೆಲಸ ಮಾಡುತ್ತದೆ. ಇದನ್ನು ಅವರು ನೆಲವೆಂದು ಕರೆಯುತ್ತಾರೆ. ರಬ್ಬರಿನ ಗಾಲಿಗಳ ಮೇಲೆ ನಿಂತು ಭೂಮಿಯನ್ನು ಮುಟ್ಟದ ಈ ವಸ್ತುವಿಗೆ ನೆಲವೆಂಬ ಹೆಸರೇಕೆಂದು ನಾವು ವ್ಯಾಕರಣದ ಆಕ್ಷೇಪವೆತ್ತಿದೆವು. ಮಗನು ನಕ್ಕು, “ರೂಢಿ ಅಣ್ಣ,” ಎಂದನು. ರೂಢಿಯು ಯೋಗಕ್ಕಿಂತ ಬಲವತ್ತರವೆಂದು ಸಾವಿರ ಸಲ ಪಾಠ ಹೇಳಿದ ನಾವು ಸುಮ್ಮನಾದೆವು.

ಆದರೆ ನಮಗೆ ಒಂದು ಯೋಚನೆ ಹೊಳೆಯಿತು. ತರ್ಕದಲ್ಲಿ ಅನ್ವಯ ವ್ಯತಿರೇಕಗಳೆಂದು ಹೇಳುವುದುಂಟು: ಇದಿದ್ದಲ್ಲಿ ಅದಿದೆಯೆ, ಇದಿಲ್ಲದಲ್ಲಿ ಅದಿಲ್ಲವೆ ಎಂದು ಎರಡು ಕಡೆಯಿಂದಲೂ ಕಾರಣವನ್ನು ಹಿಡಿಯುವ ರೀತಿ. ನಾವು ಕೇಳಿದೆವು: “ಕಂದು ತಂತಿ ಕೆಟ್ಟಿದ್ದರೆ ಸಣ್ಣ ದೀಪ ಮಾತ್ರ ಕೆಡಬೇಕು. ಹಳದಿ ಕೆಟ್ಟಿದ್ದರೆ ಎಡದ್ದು ಮಾತ್ರ. ಇಲ್ಲಿ ಎಲ್ಲವೂ ಒಟ್ಟಿಗೆ ಕೆಟ್ಟಿವೆ. ಎಲ್ಲಕ್ಕೂ ಸಾಧಾರಣವಾದುದು ಯಾವುದು?” ಮಗನು ಗಾಡಿಯ ಅಡಿಯಿಂದ ತಲೆಯನ್ನು ಹೊರಗೆ ಹಾಕಿ ನಮ್ಮನ್ನು ನೋಡಿದನು. “ಬಿಳಿಯದು. ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೆ. ಇದನ್ನು ಹೇಳಿಕೊಡುವುದಕ್ಕೆ ನಮ್ಮ ಕಾರ್ಖಾನೆಯವರು ದುಡ್ಡು ಕೊಟ್ಟು ಜನ ಕರೆಸುತ್ತಾರೆ ಅಣ್ಣ,” ಎಂದನು. ಹಿಂದಿರುಗುವ ದಾರಿ ಮುಚ್ಚಿದಾಗ ವಿದ್ಯುತ್ತು ಒಂದು ದೀಪದ ತಂತಿಯಿಂದ ಇನ್ನೊಂದು ದೀಪದೊಳಕ್ಕೆ ನುಸುಳಿ ಹೊರಗೆ ಹೋಗಲು ಹವಣಿಸುತ್ತದೆ. ಆದುದರಿಂದಲೇ ಎಡಕ್ಕೆ ಸನ್ನೆ ಮಾಡಿದರೆ ಬಲವೂ ಮಿಣುಕುವುದು. ಮೂಕಿಯ ಬಟ್ಟಲೂ ಉಕ್ಕಿನ ಗುಂಡೂ ಒಂದನ್ನೊಂದು ಒತ್ತಿ ಮುಟ್ಟಿದಾಗ ಅವೇ ಕಳ್ಳದಾರಿಯಾಗಿ ದೀಪಗಳು ಹತ್ತುತ್ತವೆ, ಬಿಟ್ಟಾಗ ಆರುತ್ತವೆ. ಹಿಂದಿನ ದಿನ ಬೆಳಗ್ಗೆ ಉರಿದ ದೀಪ ರಾತ್ರಿ ಆರಿದುದರ ಗುಟ್ಟು ಇದು.

ಅನುಮಾನವಾಯಿತು; ಇನ್ನು ಪ್ರತ್ಯಕ್ಷವಾಗಬೇಕು. ಮಗನು ಪ್ಲಗ್ಗನ್ನು ಬಿಡಿಸಿ, ಒಂದು ತುದಿಗೆ ಕಚ್ಚುವ ಚಿಮಟವೂ ಇನ್ನೊಂದು ತುದಿಗೆ ಮೊನೆಯೂ ಇರುವ ಪರೀಕ್ಷೆಯ ದೀಪವೊಂದನ್ನು ನಮ್ಮ ಕೈಗೆ ಕೊಟ್ಟನು. ಗಾಡಿಯ ದೀಪಗಳನ್ನು ಹಾಕಿ, ಚಿಮಟವನ್ನು ಗಾಡಿಯ ಅಡಿಯ ಉಕ್ಕಿಗೆ ಕಚ್ಚಿಸಿ, ಮೊನೆಯನ್ನು ಸಾಕೆಟ್ಟಿನ ಕಂದು ತಂತಿಯ ಬಾಯಿಗೆ ಮುಟ್ಟಿಸಿದೆವು. ದೀಪ ಪ್ರಕಾಶವಾಗಿ ಉರಿಯಿತು. ಹೋಗುವ ದಾರಿ ಸರಿಯಾಗಿದೆ ಎಂದಾಯಿತು. ಬಳಿಕ ಚಿಮಟವನ್ನು ಉಕ್ಕಿನಿಂದ ತೆಗೆದು ಅದೇ ಸಾಕೆಟ್ಟಿನ ಬಿಳಿಯ ಬಾಯಿಗೆ ಸೇರಿಸಿದೆವು, ಮಿಣುಕಿ ಆರಿತು. ಬರುವ ದಾರಿ ಕೆಟ್ಟಿದೆ. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಉದಾಹರಣೆಯನ್ನು ಎಷ್ಟು ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದೆವೋ! ಬೆಟ್ಟ ಹತ್ತಿ ಬೆಂಕಿಯನ್ನು ಮುಟ್ಟಿ ನೋಡಿದುದು ಅದೇ ಮೊದಲು.

ಸಾಕೆಟ್ಟು ಬಂಪರಿನ ಕೆಳಗೆ ಒಂದು ತಗಡಿನ ತುಂಡಿಗೆ ತೂಗುಬಿದ್ದಿತ್ತು. ಮನೆಯಂಗಳದ ಇಳಿಜಾರಿನಿಂದ ಬೀದಿಗೆ ಇಳಿಯುವಾಗಲೆಲ್ಲ ಅದು ನೆಲಕ್ಕೆ ಸವರಿ ಅರ್ಧ ಬಾಗಿತ್ತು. ಬ್ಯಾಟರಿಯ ಋಣ ತುದಿಯನ್ನು ಕಳಚಿಟ್ಟು ಸಾಕೆಟ್ಟನ್ನು ಬಿಚ್ಚಿದನು. ಒಳಗೆಲ್ಲ ಹಸಿರು ಕಿಲುಬು. ಹುಳಿ ಹಾಕಿ ಮರೆತ ಕಲಾಯಿಯಿಲ್ಲದ ಪಾತ್ರೆಯಲ್ಲಿ ಕಾಣುವಂಥದೇ. ಬಿಳಿಯ ತಂತಿಯ ಎಳೆಗಳಲ್ಲಿ ಎರಡೋ ಮೂರೋ ಮಾತ್ರ ಹಿಡಿದುಕೊಂಡಿದ್ದವು.

ಇದಕ್ಕೆ ಕಾರಣ ಉಪ್ಪು. ಆ ಸೀಮೆಯಲ್ಲಿ ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆ ಹೆಪ್ಪುಗಟ್ಟದಂತೆ ಉಪ್ಪನ್ನು ಚೆಲ್ಲುತ್ತಾರೆ. ಉಪ್ಪು ಬೆರೆತ ನೀರು ಬರಿಯ ನೀರಿಗಿಂತ ಹೆಚ್ಚು ಚಳಿಯಾದ ಮೇಲೆಯೇ ಗಡ್ಡೆಯಾಗುವುದು. ಡೆಟ್ರಾಯಿಟ್ ನಗರದ ಅಡಿಯಲ್ಲಿಯೇ ಸುಮಾರು 1,200 ಅಡಿಗಳ ಆಳದಲ್ಲಿ ಉಪ್ಪಿನ ಗಣಿಯುಂಟು. ರಸ್ತೆಗೆ ಹಾಕುವ ಉಪ್ಪನ್ನು ಅಲ್ಲಿಂದ ತೆಗೆಯುತ್ತಾರೆ. ಮನುಷ್ಯನನ್ನು ಜಾರದಂತೆ ಕಾಯುವ ಆ ಉಪ್ಪುನೀರು ಗಾಲಿಯಿಂದ ಎರಚಿ, ತಂತಿಯ ತುದಿಯಿಂದ ಒಳಕ್ಕೆ ಸೇರಿ, ತಾಮ್ರವನ್ನು ತಿನ್ನುತ್ತದೆ. ತಂತಿಯ ಮೇಲಿನ ಹೊದಿಕೆ ಹೊಸದರಂತೆ ಇದ್ದರೂ ಮಗನು ಅದನ್ನು ಸುಲಿದಂತೆಲ್ಲ ಒಳಗಿನ ತಾಮ್ರ ಕಪ್ಪಾಗಿಯೇ ಇದ್ದಿತು. ಒಂದು ಗೇಣು ಕತ್ತರಿಸಿದ ಮೇಲೆ ಹೊಳೆಯುವ ತಾಮ್ರ ಬಂದಿತು. ಮೇಲೆ ಚೆನ್ನಾಗಿ ಕಾಣುವುದನ್ನು ನಂಬಿ ಹತ್ತಿರದಲ್ಲೇ ಕಟ್ಟಿಬಿಟ್ಟಿದ್ದರೆ ಮುಂದಿನ ಚಳಿಗಾಲಕ್ಕೆ ಮತ್ತೆ ಅದೇ ಗತಿ. ಬಿಳಿಯ ತಂತಿಯು ಗಾಡಿಯ ಉಕ್ಕನ್ನು ಸೇರುವ ಜಾಗದಲ್ಲಿಯೂ ತುಕ್ಕು ಹಿಡಿದಿತ್ತು. ಅಲ್ಲಿ ಉಜ್ಜುವ ಕೆಲಸ ನಮ್ಮದಾಯಿತು. ಉಪ್ಪು ಕೆಡಿಸಿದುದನ್ನು ಉಪ್ಪುಕಾಗದದಿಂದ ತಿಕ್ಕುತ್ತ ಕುಳಿತೆವು. ಉಕ್ಕು ಬೆಳ್ಳಿಯಂತೆ ಹೊಳೆಯುವವರೆಗೂ ಮಗನು ಬಿಡಲಿಲ್ಲ.

ಈಗ ತಂತಿಗಳು ಒಂದು ಗೇಣು ಮೊಟಕಾಗಿ ಹಳೆಯ ಜಾಗವನ್ನು ಮುಟ್ಟದಾದವು. ಮುಟ್ಟದುದೇ ಒಳ್ಳೆಯದಾಯಿತು; ಹಳೆಯ ಜಾಗವೇ ರೋಗದ ಮೂಲ. ಸಾಕೆಟ್ಟನ್ನು ಬಂಪರಿನ ಕೆಳಗಲ್ಲ, ಬಂಪರಿನ ಮೈಯಲ್ಲಿಯೇ, ನಂಬರಿನ ಹಲಗೆಯ ಪಕ್ಕಕ್ಕೆ ಕೂಡಿಸುವುದೆಂದು ನಿಶ್ಚಯಿಸಿದೆವು. ನೆಲಕ್ಕೆ ಸವರುವ ಭಯವಿಲ್ಲ. ಕೆಸರಿನ ಎರಚಲು ಕಡಿಮೆ. ಮಗನು ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ಬೈರಿಗೆ ಯಂತ್ರವನ್ನು ಎತ್ತಿಕೊಂಡನು. ಆಗ ನಮ್ಮ ಮೊಮ್ಮಗನು, ತೊಟ್ಟಿಯ ಬಾಗಿಲನ್ನು ಇಳಿಸಿ ಅದರ ಮೇಲೆ ಕುಳಿತು ಕಾಲಾಡಿಸುತ್ತ, “ಅಪ್ಪ, ಇಲ್ಲಿ ಪ್ಲಗ್ಗು ಇಟ್ಟರೆ ಈ ಬಾಗಿಲು ಅದರ ತಲೆಗೆ ಹೊಡೆಯುತ್ತೆ,” ಎಂದನು. ನೋಡಿದರೆ ನಿಜ! ಬಾಗಿಲು ಇಳಿದಾಗ ಪ್ಲಗ್ಗಿನ ಮುಚ್ಚಳ ಸಿಕ್ಕಿ ಮುರಿಯುತ್ತಿತ್ತು. ಇಬ್ಬರು ಪಂಡಿತರ ಕಣ್ಣಿಗೆ ಬೀಳದುದು ಕಾಲಾಡಿಸುವವನ ಕಣ್ಣಿಗೆ ಬಿದ್ದಿತು. ಗೆರೆಯನ್ನು ಎರಡು ಅಂಗುಲ ಕೆಳಕ್ಕೆ ಇಳಿಸಿ, ಬಾಗಿಲನ್ನು ಎತ್ತಿ ಇಳಿಸಿ ನೋಡಿ, ಆಮೇಲೆ ತೂತು ಕೊರೆದೆವು. ಕೊರೆದ ಅಂಚನ್ನು ಅರದಿಂದ ನುಣುಪು ಮಾಡಿ, ಬರಿಯ ಉಕ್ಕು ತುಕ್ಕು ಹಿಡಿಯದಂತೆ ಬಣ್ಣ ಬಳಿದು ರಾತ್ರಿ ಒಣಗಲು ಬಿಟ್ಟೆವು.

ಸೋಮವಾರ ತಂತಿಗಳನ್ನು ಜೋಡಿಸುವ ಕೆಲಸ. ತಂತಿಯ ತುದಿಯನ್ನು ತಾಮ್ರದ ಪುಟ್ಟ ಕೊಳವೆಗೆ ತೂರಿಸಿ ಇಕ್ಕಳದಿಂದ ಅದುಮಬೇಕು. ಅದರ ಮೇಲೆ ಕಾಯಿಸಿದರೆ ಕುಗ್ಗಿ ಅಂಟಿಕೊಳ್ಳುವ ಪ್ಲಾಸ್ಟಿಕ್ಕಿನ ತೋಳನ್ನು ಸರಿಸಿ ಬಿಸಿಗಾಳಿ ಹಿಡಿಯಬೇಕು. ಹಾಗೆ ಮಾಡಿದರೆ ನೀರು ಒಳಸೇರದು. ಒಂದು ತಂತಿಯನ್ನು ನಾವೇ ಅದುಮುತ್ತೇವೆಂದೆವು. ಅದುಮಿದೆವು. ಮಗನು ಹಿಡಿದು ಎಳೆದನು. ಸುಲಭವಾಗಿ ಕಳಚಿ ಬಂದಿತು. ಬೈಯಲಿಲ್ಲ, ನಗಲೂ ಇಲ್ಲ. “ಎಳೆದು ನೋಡಬೇಕು ಅಣ್ಣ. ಎಳೆದರೆ ಬಾರದ್ದು ಮಾತ್ರ ಕಟ್ಟಿದ್ದು,” ಎಂದು ಹೇಳಿ ಇನ್ನೊಂದು ಕೊಳವೆಯನ್ನು ನಮ್ಮ ಕೈಗೇ ಕೊಟ್ಟನು. ಎರಡನೆಯದು ಗಟ್ಟಿಯಾಗಿ ಕುಳಿತಿತು.

ಆ ಕೊಳವೆಗಳನ್ನು ಅವನು ತೆಗೆದುಕೊಡುತ್ತಿದ್ದುದು ಹಳೆಯ ಬಿಸ್ಕತ್ತಿನ ಒಂದು ತಗಡಿನ ಡಬ್ಬಿಯಿಂದ. ಅದನ್ನು ನೋಡಿದಾಗಿನಿಂದ ನಮ್ಮ ಎದೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು. ಅವನಿಗೆ ಹನ್ನೆರಡು ವರ್ಷವಿದ್ದಾಗ ಇಂಥದೇ ಡಬ್ಬಿಯೊಂದಿತ್ತು. ಅದರಲ್ಲಿ ಹಳೆಯ ಬ್ಯಾಟರಿ, ತಂತಿಯ ಚೂರು, ಕೆಟ್ಟ ಟಾರ್ಚಿನ ಭಾಗಗಳು. ಅಮರಕೋಶವನ್ನು ಒಪ್ಪಿಸಲಾರದೆ ತಡವರಿಸಿದ ಒಂದು ಸಾಯಂಕಾಲ ನಾವು ಆ ಡಬ್ಬಿಯನ್ನು ಕಿತ್ತುಕೊಂಡು ಹಿತ್ತಿಲ ಬಾವಿಗೆ ಎಸೆದೆವು. ಅವನು ಅಳಲಿಲ್ಲ. ಆಮೇಲೆ ಮನೆಯಲ್ಲಿ ಏನನ್ನೂ ಬಿಚ್ಚಲಿಲ್ಲ. ನಮ್ಮೊಡನೆ ಮಾತನ್ನೂ ಅಷ್ಟಾಗಿ ಬಿಚ್ಚಲಿಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕು ನಮ್ಮಿಬ್ಬರ ಮಾತು ಆರೋಗ್ಯ, ಹವೆ, ಹಣದ ರವಾನೆ, ಇಷ್ಟರಲ್ಲಿಯೇ ಸುಳಿದಾಡಿತು. ನಾವು ಅದನ್ನು ದೂರದೇಶದ ದೋಷವೆಂದು ತಿಳಿದಿದ್ದೆವು.

ಇಕ್ಕಳವನ್ನು ಕೆಳಗಿಟ್ಟು, “ಆ ಡಬ್ಬಿಯನ್ನು ಬಾವಿಗೆ ಹಾಕಿದುದು ನಮ್ಮ ತಪ್ಪು ಕಣೋ,” ಎಂದೆವು.

“ಯಾವ ಡಬ್ಬಿ ಅಣ್ಣ?” ಎಂದು ಅವನು ತನ್ನ ಕೆಲಸವನ್ನು ಮುಂದುವರಿಸಿದನು. ಎರಡು ತಂತಿಗಳನ್ನು ಜೋಡಿಸಿದನು. ಮೂರನೆಯದನ್ನು ಕೈಗೆತ್ತಿಕೊಂಡು, ನಮ್ಮ ಕಡೆಗೆ ನೋಡದೆಯೇ, “ಅದರಲ್ಲಿ ಮೂರು ಬಲ್ಬು ಇದ್ದವು. ಒಂದು ಉರಿಯುತ್ತಿತ್ತು,” ಎಂದನು.

ನಾವು ಬಿಸಿಗಾಳಿಯ ಯಂತ್ರವನ್ನು ಹಿಡಿದುಕೊಂಡೆವು. ಅವನು ತೋಳುಗಳನ್ನು ಸರಿಸಿದನು. ಅದಕ್ಕಿಂತ ಹೆಚ್ಚು ಮಾತು ಆಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ.

ಸಾಕೆಟ್ಟನ್ನು ಅದರ ಮುಚ್ಚಳದ ಕೀಲು ಮೇಲಕ್ಕೆ ಬರುವಂತೆ ಕೂಡಿಸಿದೆವು. ಪ್ಲಗ್ಗು ತೆಗೆದೊಡನೆ ಮುಚ್ಚಳ ತಾನೇ ಬಿದ್ದು ಬಾಯಿ ಮುಚ್ಚಬೇಕು. ಹಿಂಬದಿಯ ತಂತಿಗಳು ಸಾಕೆಟ್ಟಿನಿಂದ ಮೊದಲು ಕೆಳಕ್ಕೆ ಇಳಿದು ಆಮೇಲೆ ಮೇಲಕ್ಕೆ ಏರುವಂತೆ ಒಂದು ಬಾಗು ಬಿಟ್ಟೆವು; ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ಟಿನೊಳಗೆ ಹರಿಯುವುದಿಲ್ಲ. ಏಳು ಬಾಯಿಗಳಿಗೂ ವಿದ್ಯುತ್ ಭಾಗಗಳಿಗೆಂದೇ ಮಾರುವ ಜಿಡ್ಡನ್ನು ತೆಳುವಾಗಿ ಸವರಿದೆವು. ಬ್ಯಾಟರಿಯನ್ನು ಕೂಡಿಸಿ, ಟ್ರೈಲರನ್ನು ಕಟ್ಟಿ, ಗಾಡಿಯನ್ನು ಎಡಕ್ಕೂ ಬಲಕ್ಕೂ ಪೂರ್ತಿಯಾಗಿ ತಿರುಗಿಸಿ ನೋಡಿದೆವು. ಪ್ಲಗ್ಗಿನ ಬಳ್ಳಿ ತಿರುವಿನಲ್ಲಿ ಬಿಗಿದು ಕಿತ್ತುಬರಬಾರದು. ನೆಟ್ಟಗೆ ಹೋಗುವಾಗ ನೆಲಕ್ಕೂ ತಾಗಬಾರದು. ಬಳ್ಳಿ ಕೊಂಚ ಉದ್ದವಿದ್ದುದರಿಂದ ಮೂಕಿಗೆ ಒಂದು ಸುತ್ತು ಸುತ್ತಿ ಕಟ್ಟಿದೆವು.

ಕತ್ತಲಾದ ಮೇಲೆ ಪರೀಕ್ಷೆ. ಮಗನು ಗಾಡಿಯ ಮುಂಭಾಗದ ಫ್ಯೂಸುಗಳ ಬಳಿ ನಿಂತನು. ಮೊಮ್ಮಗನು ಟ್ರೈಲರಿನ ಹಿಂದೆ ಅಂಗಳದಲ್ಲಿ. ನಮ್ಮನ್ನು ಚಾಲಕನ ಜಾಗದಲ್ಲಿ ಕೂಡಿಸಿ ಬ್ರೇಕು ಒತ್ತಬೇಕೆಂದು ಹೇಳಿದರು. ಜನ್ಮದಲ್ಲಿ ಮೋಟಾರು ಓಡಿಸದ ನಾವು ಹೇಳಿದಂತೆ ಒತ್ತಿದೆವು. ಏನೂ ಕಾಣಲಿಲ್ಲ, ಮುಂದೆ ಗರಾಜಿನ ಗೋಡೆ ಮಾತ್ರ. ಹಿಂದಿನಿಂದ ಮಗುವಿನ ಧ್ವನಿ ಬಂದಿತು: “ತಾತ, ಹತ್ತಿತು! ಎರಡೂ ಹತ್ತಿತು!” ಎಡದ ಸನ್ನೆ ಹಾಕಿದೆವು. “ಎಡ ಮಾತ್ರ!” ಬಲದ ಸನ್ನೆ. “ಬಲ ಮಾತ್ರ!”

ದೇಹಲೀದೀಪನ್ಯಾಯವೆಂದು ನಮ್ಮ ಶಾಸ್ತ್ರದಲ್ಲಿ ಒಂದುಂಟು. ಹೊಸ್ತಿಲ ಮೇಲಿಟ್ಟ ದೀಪ ಒಳಕ್ಕೂ ಹೊರಕ್ಕೂ ಬೆಳಕು ಕೊಡುತ್ತದೆ. ಹಿಂದಣ ದೀಪ ಅಂಥದಲ್ಲ. ಅದರಿಂದ ಹಚ್ಚಿದವನಿಗೆ ಒಂದು ಕೂದಲೆಳೆಯಷ್ಟೂ ಬೆಳಕಿಲ್ಲ. ಅದು ಉರಿಯುತ್ತಿದೆಯೋ ಆರಿದೆಯೋ ಎಂಬುದು ಕೂಡ ಅವನಿಗೆ ಕಾಣದು. ಅದು ಪೂರ್ತಿಯಾಗಿ ಹಿಂದೆ ಬರುವವರ ಸ್ವತ್ತು. ಆದುದರಿಂದಲೇ ಅದನ್ನು ಎಲ್ಲಕ್ಕಿಂತ ಮೊದಲು ಮರೆಯುತ್ತೇವೆ. ಆ ಅಂಗಳದಲ್ಲಿ ಮಗುವಿನ ಕೂಗನ್ನು ಕೇಳುತ್ತ ಕುಳಿತಾಗ, ನಮ್ಮ ಹಿಂದೆ ಏನು ಉರಿಯುತ್ತಿದೆಯೆಂದು ನಾವು ಇಷ್ಟು ವರ್ಷ ಯಾರನ್ನೂ ಕೇಳಲಿಲ್ಲವಲ್ಲಾ ಎನ್ನಿಸಿತು.

7ನೆಯ ತಾರೀಖು ಹಬ್ಬದ ಹಂಡೆಗಳು ಹೋಗಿ ಬಂದವು. ಸೊಸೆ ಹಿಂದಿನ ಕಾರಿನಲ್ಲಿ ಬಂದು ಮನೆಯಲ್ಲಿಳಿದಾಗ, “ದೂರದಿಂದಲೇ ಕಾಣುತ್ತಿತ್ತು ಮಾವ,” ಎಂದಳು. ನಮಗೆ ಯಾವ ಮಹಾಸಭೆಯಲ್ಲಿ ಶಾಲು ಹೊದಿಸಿದ್ದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ.

2025ರ ಜನವರಿಯಲ್ಲಿ, ಊರಿಗೆ ಹಿಂದಿರುಗಿದ ಮೇಲೆ, ಕಬ್ಬಿನ ಕಾಲ ನಡೆದಿತ್ತು. ನಮ್ಮ ಹಳೆಯ ಶಿಷ್ಯರಲ್ಲಿ ಟ್ರ್ಯಾಕ್ಟರು ಇಟ್ಟವರು ನಾಲ್ವರಿದ್ದಾರೆ. ಅವರ ಮನೆಗಳಿಗೆ ಹೋಗಿ ನೋಡಿದೆವು. ಟ್ರ್ಯಾಕ್ಟರಿನ ಹಿಂದೆಯೂ ಏಳು ಬಾಯಿಯ ಸಾಕೆಟ್ಟು ಉಂಟು. ಜೋಡಣೆ ಬೇರೆ, ಪಿನ್ನುಗಳ ಆಕಾರವೂ ಬೇರೆ. ಆದರೆ ಅದಕ್ಕೆ ಗೊತ್ತುಮಾಡಿದ ಅಂತರರಾಷ್ಟ್ರೀಯ ಕ್ರಮದಲ್ಲಿಯೂ ಹಳದಿ ಎಡಕ್ಕೆ, ಹಸಿರು ಬಲಕ್ಕೆ, ಬಿಳಿಯದೇ ನೆಲ. ಒಬ್ಬನ ಸಾಕೆಟ್ಟಿನೊಳಗೆ ಜೇಡ ಮನೆ ಮಾಡಿತ್ತು. ಇನ್ನೊಬ್ಬನ ಟ್ರೈಲರಿನ ತಂತಿಯನ್ನು ಇಳಿಬಿದ್ದ ಕಬ್ಬಿನ ಗರಿ ಎಳೆದು ಕಿತ್ತಿತ್ತು. “ಮೇಷ್ಟ್ರಿಗೆ ಇದೇನು ಹುಚ್ಚು?” ಎಂದು ಅವರು ಒಳಗೊಳಗೆ ನಕ್ಕಿರಬಹುದು. ಆದರೂ ಒಂದು ವಾರದಲ್ಲಿ ಮೂವರು ತಂತಿಯನ್ನು ಸರಿಮಾಡಿಸಿ, ಕಬ್ಬಿಗೆ ಸಿಕ್ಕದಂತೆ ಮೇಲಕ್ಕೆ ಎತ್ತಿ ಕಟ್ಟಿಸಿದರು. ನಾಲ್ಕನೆಯವನು, ದಿನಕ್ಕೊಂದು ಟ್ರೈಲರು ಬದಲಾಗುವಾಗ ತಂತಿಯ ಮಾತೆಲ್ಲಿ ಬಂತು ಎಂದನು. ಅವನ ಮಾತಿನಲ್ಲಿಯೂ ನಿಜವಿದೆ. ಅವನಿಗೆ ಬೆಳಕನ್ನು ಹಿಂದಿರುಗಿಸುವ ಕೆಂಪು ಪಟ್ಟಿಯ ಸುರುಳಿಯೊಂದನ್ನು ಕೊಟ್ಟು, ಬಂದ ಟ್ರೈಲರಿಗೆಲ್ಲ ಹಿಂದೆ ಅಂಟಿಸೆಂದು ಹೇಳಿದೆವು. ಅಂಟಿಸುತ್ತಿದ್ದಾನೆ.

ಮನೆಯಲ್ಲಿ ಗಾಡಿಯಿಟ್ಟ ವಾಚಕರಿಗೆ ನಮ್ಮದೊಂದು ವಿಜ್ಞಾಪನೆ. ಕತ್ತಲಲ್ಲಿ ಹೊರಡುವ ಮುಂಚೆ ಮನೆಯ ಮಗುವೊಂದನ್ನು ಗಾಡಿಯಿಂದ ದೂರಕ್ಕೆ ನಿಲ್ಲಿಸಿ, ಹಿಂದಣ ದೀಪ ಹತ್ತಿತೆ ಎಂದು ಕೂಗಿ ಕೇಳಿರಿ. ಮಕ್ಕಳು ಈ ಕೆಲಸವನ್ನು ಬಲು ಹೆಮ್ಮೆಯಿಂದ ಮಾಡುತ್ತಾರೆ, ಸುಳ್ಳು ಹೇಳುವುದಿಲ್ಲ. ಅರ್ಧ ನಿಮಿಷದ ಕೆಲಸ.

ಆ ಹುಡುಗನ ತಂದೆ ಈಗಲೂ ಇದ್ದಾನೆ. ಊರಿಗೆ ಬಂದ ಮೇಲೆ ಅವನ ಮನೆಗೂ ಹೋದೆವು. ಹಿಂದೆ ಆಡಿದ ಪ್ರಾರಬ್ಧದ ಮಾತನ್ನು ಎತ್ತಲಿಲ್ಲ. ಟ್ರ್ಯಾಕ್ಟರುಗಳ ವಿಷಯವನ್ನು ಹೇಳಿದೆವು. ಅವನು ಎಲ್ಲವನ್ನೂ ಕೇಳಿ, ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟು, “ಮೂರಾದರೂ ಆಯಿತಲ್ಲ ಮೇಷ್ಟ್ರೆ,” ಎಂದನು.